ಹಾಳೆ ತಟ್ಟೆ ಮೇಲಿನ ಸ್ವಸ್ತಿಕ ತೆಗೆಸಿ ಅಂತಿದ್ದಾರೆ. ಅಪ್ಪಯ್ಯನಿಗೆ ಏನು ಹೇಳಲಿ?

ಹಾಳೆಮನೆ_ಶಿರಸಿ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಚಾ ಹಿಡಕೊಂಡು ಓದಿ.

ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ ಇದೆ. ಘಟಕ ಅಂದರೆ ಹಳೆ ಕೊಟ್ಟಿಗೆ, ಅದರೊಳಗೆ ನಾಲ್ಕು ಮಷಿನ್, ಕೆಲಸಕ್ಕೆ ಐದು ಜನ ಹೆಂಗಸರು, ಲೆಕ್ಕ ಬರೆಯುವುದಕ್ಕೆ ಮತ್ತು ಬೈಸಿಕೊಳ್ಳುವುದಕ್ಕೆ ನಾನು. ಅಪ್ಪಯ್ಯ 2007ರಲ್ಲಿ ಶುರು ಮಾಡಿದ್ದು. ಆಗಲೇ ನಮ್ಮ ತಟ್ಟೆ ಅಂತ ಗುರುತು ಸಿಗಲಿ ಎಂದು ಡೈಯ (ತಟ್ಟೆ ಒತ್ತುವ ಅಚ್ಚಿನ) ನಡುವೆ ಒಂದು ಸ್ವಸ್ತಿಕ ಕೆತ್ತಿಸಿದ್ದ. ಎಂಟಾಣೆಯಷ್ಟು ಅಗಲ, ಒಳಗೆ ನಾಲ್ಕು ಚುಕ್ಕಿ. ನೆನೆಸಿ ತೊಳೆದ ಹಾಳೆ ಮೇಲೆ ಕಾದ ಡೈ ಕೂತು ಎದ್ದರೆ ಸ್ವಸ್ತಿಕ ಉಬ್ಬಿಕೊಂಡು ಬರುತ್ತದೆ. ಮದುವೆ, ಉಪನಯನ, ಸತ್ಯನಾರಾಯಣ ಕಥೆ ಇದ್ದವರು "ಸ್ವಸ್ತಿಕದ ತಟ್ಟೆ ಒಂದು ಸಾವಿರ" ಅಂತಲೇ ಫೋನ್ ಮಾಡುತ್ತಾರೆ.

(ಆಯಿ ಮಾತ್ರ ಮೊದಲ ದಿನದಿಂದ ಗೊಣಗುತ್ತಿದ್ದಳು, ದೇವರ ಗುರುತಿನ ಮೇಲೆ ಅನ್ನ ಸಾರು ಸುರಿದು ಎಂಜಲು ಮಾಡಿ ತಿಪ್ಪೆಗೆ ಎಸೆಯುವುದಾ ಅಂತ. ಅವಳ ಮಾತು ಯಾರು ಕೇಳುತ್ತಾರೆ.)

ಈ ವರ್ಷ ಜರ್ಮನಿಯ ಹ್ಯಾಂಬರ್ಗ್‌ನ ಒಬ್ಬ ವ್ಯಾಪಾರಿ ಸ್ಯಾಂಪಲ್ ಕೇಳಿದ. 10 ಇಂಚಿನದು ಇನ್ನೂರು ತಟ್ಟೆ ಆರಿಸಿ, ಕಪ್ಪು ಕಲೆ ಇದ್ದದ್ದು ತೆಗೆದು, ಬಿಸಿಲು ಕಾಣಿಸಿ ಕಳಿಸಿದೆವು. ಮೂರು ವಾರ ಬಿಟ್ಟು ಉತ್ತರ ಬಂತು. ತಟ್ಟೆ ಬಹಳ ಚೆನ್ನಾಗಿದೆ, ಆದರೆ ಆ ಗುರುತು ಇದ್ದರೆ ಒಂದೂ ಬೇಡ, ಬಂದ ಪೆಟ್ಟಿಗೆಯನ್ನು "ನಾಶ ಮಾಡಿದ್ದೇವೆ".

ಹಿಟ್ಲರ್ ಸಂಗತಿ ನನಗೆ ಗೊತ್ತು, ಅಷ್ಟು ತಿಳಿಯದವಳಲ್ಲ. ಆದರೆ ಕಳಿಸುವ ಹೊತ್ತಿಗೆ ಹೊಳೆಯಲೇ ಇಲ್ಲ ನೋಡಿ. ದಿನಾ ಕಣ್ಣೆದುರು ಇದ್ದದ್ದು ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಹೊಸಿಲ ಮೇಲೆ, ತಿಜೋರಿ ಮೇಲೆ, ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ, ದೊಡ್ಡಹಬ್ಬದ (ದೀಪಾವಳಿಯ) ದಿನ ಮಷಿನ್ ಮೇಲೆ ಎಲ್ಲ ಕಡೆ ಅದೇ ಇದೆ.

ಅಪ್ಪಯ್ಯನಿಗೆ "ನಾಶ" ಅನ್ನುವ ಮಾತು ಚುಚ್ಚಿಬಿಟ್ಟಿದೆ. "ಕದ್ದಂವ ಅಂವ. ಮರ್ಯಾದೆ ಬಿಡವು ಹೇಳಿ ನಮಗೆ ಎಂತಕ್ಕೆ ಹೇಳ್ತ್ರು?" ಅಂತ ಎರಡು ದಿನ ಊಟದ ಹೊತ್ತಿಗೂ ಅದೇ ಮಾತು. ನನ್ನ ತಮ್ಮ ಹೇಳುವುದು, ಹಿಟ್ಲರನದು ಉಲ್ಟಾ ತಿರುಗಿದ್ದು, ನಮ್ಮದು ಬೇರೆ, ಇದನ್ನು ಬರೆದು ತಿಳಿಸಿದರೆ ಒಪ್ಪುತ್ತಾರೆ ಅಂತ.

ಅಲ್ಲಿ ಇರುವವರು ಯಾರಾದರೂ ಹೇಳಿ. ಇದು ನಿಜಕ್ಕೂ ಅಷ್ಟು ದೊಡ್ಡ ಸಂಗತಿಯಾ, ಇಲ್ಲ ವ್ಯಾಪಾರಿಯ ಪುಕ್ಕಲುತನವಾ?

ಕಡಲಗುಂಡು_ಕಾರವಾರ

ತೆಗೀಬೇಡಿ. ಐದು ಸಾವಿರ ವರ್ಷದ ಗುರುತು, ನಿನ್ನೆ ಮೊನ್ನೆ ಬಂದವರಿಗೆ ಅಂಜಬೇಕಾ? ಅವರಿಗೆ ಮಾರೋದೇ ಬೇಡ ಅಂತ ಮೇಲ್ ಹಾಕಿ.

ಹಾಳೆಮನೆ_ಶಿರಸಿ

ಅಣ್ಣಾ, ಎರಡು ಮಷಿನ್ನಿನ ಸಾಲದ ಕಂತು ನೀವು ಕಟ್ಟುವುದಾದರೆ ಇವತ್ತೇ ಹಾಕುತ್ತೇನೆ.

ಕುಮಟೆಯಂವ

ತಂಗೀ, ನಾನು ಹ್ಯಾಂಬರ್ಗ್‌ನಲ್ಲೇ ಇದ್ದೇನೆ, ಒಂಬತ್ತು ವರ್ಷ ಆಯ್ತು. ವ್ಯಾಪಾರಿ ಪುಕ್ಕಲ ಅಲ್ಲ.

ಇಲ್ಲಿನ ದಂಡಸಂಹಿತೆಯ 86ಎ ಕಲಮಿನಲ್ಲಿ ನಿಷೇಧಿತ ಸಂಘಟನೆಗಳ, ಅಂದರೆ ಹಿಟ್ಲರನ ನಾಜಿ ಪಕ್ಷದಂಥವುಗಳ ಗುರುತನ್ನು ಸಾರ್ವಜನಿಕವಾಗಿ ತೋರಿಸಿದರೆ ಮೂರು ವರ್ಷದವರೆಗೆ ಜೈಲು ಇಲ್ಲವೇ ದಂಡ. ತೋರಿಸುವುದಷ್ಟೇ ಅಲ್ಲ, ಹಂಚುವುದಕ್ಕಾಗಿ ತಯಾರಿಸುವುದು, ದಾಸ್ತಾನು ಇಡುವುದು, ಹೊರಗಿನಿಂದ ತರಿಸುವುದು ಎಲ್ಲ ಅದರೊಳಗೆ ಬರುತ್ತದೆ. ನೋಡಿದವರಿಗೆ ಅದೇ ಅನ್ನಿಸುವಷ್ಟು ಹೋಲುವ ಗುರುತೂ ಅದಕ್ಕೆ ಸಮ. ಹಾಗಾಗಿ ನಿಮ್ಮ ತಮ್ಮನ ಉಪಾಯ ನಡೆಯುವುದಿಲ್ಲ. ಕಲೆ, ಸಂಶೋಧನೆ, ಪಾಠ, ಇತಿಹಾಸದ ವರದಿ ಇಂಥದ್ದಕ್ಕೆ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಧರ್ಮದ ಹೆಸರು ನೇರವಾಗಿ ಬರೆದಿಲ್ಲ, ಆದರೆ "ಇಂಥ ಇತರ ಉದ್ದೇಶ" ಎಂಬ ಮಾತಿದೆ. ದೇವಸ್ಥಾನದ ಒಳಗೆ ಇದ್ದದ್ದಕ್ಕೆ ಯಾರೂ ಬಂದು ಹಿಡಿಯುವುದಿಲ್ಲ. ಪಾರ್ಟಿಯ ಮೇಜಿನ ಮೇಲೆ ಇನ್ನೂರು ತಟ್ಟೆ ಇಟ್ಟರೆ ಅದು ದೇವಸ್ಥಾನ ಅಲ್ಲವಲ್ಲ.

ಕಾನೂನು ಆಯ್ತು. ಈಗ ನನ್ನದೇ ಒಂದು ಫಜೀತಿ ಕೇಳಿ.

ಇಲ್ಲಿಗೆ ಬಂದ ಎರಡನೇ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಆಯಿ ವಿಡಿಯೋ ಕಾಲ್‌ನಲ್ಲಿ ಕೂತು ಪೂಜೆ ಮಾಡಿಸಿದಳು. ತೆಂಗಿನಕಾಯಿ ಒಡೆದೆ, ನಾಲ್ಕೂ ಚಕ್ರಕ್ಕೆ ಲಿಂಬೆಹಣ್ಣು ಇಟ್ಟೆ, ಬಾನೆಟ್ ಮೇಲೆ ಕುಂಕುಮದಲ್ಲಿ ಅಂಗೈಯಷ್ಟು ದೊಡ್ಡ ಸ್ವಸ್ತಿಕ ಬರೆದೆ. ಬೀದಿಯಲ್ಲೇ ಕಾರು ನಿಲ್ಲಿಸಿ ಮೇಲೆ ಹೋಗಿ ದೋಸೆ ಹೊಯ್ಯುತ್ತಾ ಇದ್ದೆ. ಬೆಲ್ ಆಯ್ತು. ಕೆಳಗಿನ ಮನೆಯ ಅಜ್ಜಿ, ಎಂಬತ್ತು ದಾಟಿದವಳು. ಬೈಯಲಿಲ್ಲ. ಸ್ವಲ್ಪ ಕೆಳಗೆ ಬಾ ಅಂತ ಕರೆದುಕೊಂಡು ಹೋದಳು.

ನಮ್ಮ ಬಿಲ್ಡಿಂಗಿನ ಎದುರು ಫುಟ್‌ಪಾತಿನಲ್ಲಿ ನಾಜಿಗಳಿಗೆ ಬಲಿಯಾದವರ ನೆನಪಿಗೆ ಅಂಗೈ ಅಗಲದ ಎರಡು ಹಿತ್ತಾಳೆ ಕಲ್ಲು ಕೂರಿಸಿದ್ದಾರೆ. ಈ ದೇಶದ ಊರೂರಲ್ಲಿ ಇವೆ, ಹ್ಯಾಂಬರ್ಗ್‌ನಲ್ಲಂತೂ ಸಾವಿರಾರು. "ಇಲ್ಲಿ ವಾಸವಿದ್ದರು" ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ. ನಮ್ಮ ಬಾಗಿಲಲ್ಲಿ ಇರುವುದು ಯಹೂದಿ ಗಂಡ ಹೆಂಡತಿಯದು, 1941ರಲ್ಲಿ ನಾಜಿಗಳು ಮಿನ್ಸ್ಕ್‌ಗೆ ಸಾಗಿಸಿದ್ದು. ಅದರಿಂದ ಎರಡು ಮಾರು ದೂರಕ್ಕೆ ನನ್ನ ಕಾರು. ಎರಡು ವರ್ಷ ದಿನಾ ಆ ಕಲ್ಲು ದಾಟಿಯೇ ಕೆಲಸಕ್ಕೆ ಹೋದವನು ನಾನು, ಒಂದು ದಿನವೂ ಬಗ್ಗಿ ಓದಿರಲಿಲ್ಲ ಮಾರಾಯ್ರೆ. ಒದ್ದೆ ಬಟ್ಟೆ ತಂದು ಒರೆಸಿದೆ. ಕುಂಕುಮ ಬಿಳಿ ಬಣ್ಣಕ್ಕೆ ಹಿಡಿದು ನಸುಗೆಂಪು ಕಲೆ ಬಹಳ ದಿನ ಹಾಗೇ ಇತ್ತು.

ಆಮೇಲೆ ಆ ಅಜ್ಜಿ ನಮ್ಮ ಮನೆಗೆ ದೋಸೆಗೆ ಬಂದಿದ್ದಾಳೆ, ಒಂದಲ್ಲ ನಾಲ್ಕು ಸಲ. ದೇವರ ಮುಂದಿನ ಆರತಿ ತಟ್ಟೆಯಲ್ಲಿ ಸ್ವಸ್ತಿಕ ನೋಡಿದಳು, ಕೇಳಿದಳು. ಹೇಳಿದೆ. ಹೂಂ ಅಂದಳು, ಚಟ್ನಿ ಇನ್ನೊಂದು ಸ್ವಲ್ಪ ಹಾಕಿಸಿಕೊಂಡಳು. ಅಲ್ಲಿ ಹೇಳುವುದಕ್ಕೆ ನಾನಿದ್ದೆ. ಬಾನೆಟ್ ಪಕ್ಕ ನಾನಿರಲಿಲ್ಲ. ನಿಮ್ಮ ತಟ್ಟೆಯ ಪಕ್ಕ ನಿಮ್ಮ ಅಪ್ಪಯ್ಯ ಇರುತ್ತಾರಾ?

ಮೇಷ್ಟ್ರು_ಮುಂಡಗೋಡ

ಹಾಳೆಮನೆಯವರೇ, ನಿಮ್ಮ ತಮ್ಮ ಹೇಳಿದ್ದನ್ನು ನನ್ನ ತರಗತಿಯಲ್ಲೂ ವರ್ಷಕ್ಕೆ ಒಬ್ಬನಾದರೂ ಹೇಳುತ್ತಾನೆ. ಅದು ತಪ್ಪು. ನಾಜಿಗಳದ್ದು ತಿರುಗಿದ್ದು ನಮ್ಮದು ತಿರುಗಿದ ದಿಕ್ಕಿಗೇ. ಸೋಂದಾದ ಬಸದಿಯಲ್ಲಿ ಜೈನರು ಅಕ್ಕಿಯಲ್ಲಿ ಬರೆಯುವುದೂ ಅದೇ ದಿಕ್ಕು. ಬಾವುಟದ ಮೇಲೆ ಓರೆಯಾಗಿ ನಿಲ್ಲಿಸಿದ್ದರು ಅನ್ನುವುದು ನಿಜ, ಆದರೆ ಎಲ್ಲ ಕಡೆ ಅಲ್ಲ, ನೇರ ನಿಲ್ಲಿಸಿದ್ದೂ ಬೇಕಾದಷ್ಟಿದೆ. ದಿಕ್ಕು ಹಿಡಿದು ವಾದಕ್ಕೆ ಕೂತರೆ ಸೋಲುತ್ತೀರಿ. ಉಲ್ಟಾದ್ದು ಬೇಕೆಂದರೆ ನಮ್ಮೂರಿನ ಟಿಬೆಟಿಯನ್ ಕ್ಯಾಂಪಿಗೆ ಬನ್ನಿ, ಅವರಲ್ಲಿ ಎರಡೂ ಕಡೆ ತಿರುಗಿದ್ದು ಸಿಗುತ್ತದೆ, ಎರಡೂ ಶುಭವೇ.

ಕದ್ದದ್ದು ಹೇಗೆ ಅನ್ನುವುದು ಸ್ವಾರಸ್ಯದ ಕಥೆ. 1870ರ ದಶಕದಲ್ಲಿ ಜರ್ಮನಿಯ ಶ್ಲೀಮನ್ ಎಂಬಾತ ಟ್ರಾಯ್ ಎಂಬ ಪುರಾತನ ಪಟ್ಟಣ ಇದ್ದ ಜಾಗ ಅಗೆದಾಗ ಅಲ್ಲಿನ ಮಣ್ಣಿನ ಸಾಮಾನುಗಳ ಮೇಲೆ ಈ ಗುರುತು ಸಿಕ್ಕಿತು. ಅದಕ್ಕೆ ಸ್ವಸ್ತಿಕ ಅನ್ನುವ ಭಾರತದ ಹೆಸರನ್ನು ಹಚ್ಚಬೇಡ ಎಂದು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಆಗಲೇ ಅವನಿಗೆ ಎಚ್ಚರಿಸಿದ್ದ. ಯಾರು ಕೇಳಿದರು? ಆರ್ಯ ಜನಾಂಗ ಅನ್ನುವ ಹುಚ್ಚಿಗೂ ಈ ಗುರುತಿಗೂ ಯುರೋಪಿನಲ್ಲಿ ಗಂಟು ಬಿತ್ತು. 1920ರಲ್ಲಿ ಅದು ನಾಜಿ ಪಕ್ಷದ ಬಾವುಟ, 1935ರಲ್ಲಿ ದೇಶದ ಬಾವುಟ. ಜರ್ಮನ್ ಭಾಷೆಯಲ್ಲಿ ಅವರು ಅದನ್ನು ಕರೆದದ್ದು ಹಾಕೆನ್‌ಕ್ರಾಯ್ಟ್ಸ್, ಅಂದರೆ ಕೊಕ್ಕೆಯ ಶಿಲುಬೆ. 2022ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ನಾಜಿ ಗುರುತನ್ನು ನಿಷೇಧಿಸಿದಾಗ ಈ ಹೆಸರನ್ನೇ ಹಿಡಿದು, ಹಿಂದೂ, ಬೌದ್ಧ, ಜೈನರ ಬಳಕೆಗೆ ವಿನಾಯಿತಿ ಕೊಟ್ಟಿತು.

ನಿಮ್ಮಂಥದ್ದೇ ವ್ಯಾಪಾರದ ಉದಾಹರಣೆ ಬೇಕೆಂದರೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್. ಹಿಟ್ಲರ್ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಿಂದ ಅವರ ಗುರುತೂ ಸ್ವಸ್ತಿಕವೇ. 1940ರ ಹೊತ್ತಿಗೆ ತೆಗೆದುಬಿಟ್ಟರು. ಆದರೆ ಕೋಪನ್‌ಹೇಗನ್‌ನಲ್ಲಿ ಅವರ ಹಳೆ ಕಾರ್ಖಾನೆಯ ಬಾಗಿಲಿಗೆ 1901ರಲ್ಲಿ ನಿಲ್ಲಿಸಿದ ನಾಲ್ಕು ಕಲ್ಲಿನ ಆನೆಗಳಿವೆ, ಅವುಗಳ ಮೈಮೇಲೆ ಸ್ವಸ್ತಿಕ ಇವತ್ತಿಗೂ ಹಾಗೇ ಇದೆ. ಬಾಟಲಿ ಲೋಕ ಸುತ್ತುತ್ತದೆ, ಆನೆ ತಾನಿದ್ದಲ್ಲೇ ಇರುತ್ತದೆ. ಅಪ್ಪಯ್ಯನವರಿಗೆ ಈ ಆನೆಗಳ ವಿಷಯ ಹೇಳಿ ನೋಡಿ. ಬಿಯರ್ ಅಂದಕೂಡಲೇ ಎದ್ದು ಹೋಗದಿದ್ದರೆ.

ಬಜಾರ್_ಭಟ್ಕಳ

ಬರೆಯಬೇಕೋ ಬೇಡವೋ ಅಂತ ಎರಡು ಸಲ ಅಳಿಸಿದೆ.

ಅಕ್ಕಾ, ನಮ್ಮದು ಬಟ್ಟೆ ಅಂಗಡಿ. ಅಪ್ಪ ಗಲ್ಫಿನಲ್ಲಿದ್ದಾಗ ತಂದ ಒಂದು ಕಪ್ಪು ಮಖಮಲ್ ಬಟ್ಟೆ ಕ್ಯಾಶ್ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ನೇತಾಡುತ್ತಿತ್ತು. ಅದರ ಮೇಲೆ ಬಿಳಿ ದಾರದಲ್ಲಿ ಕಲಿಮಾ. ಅಲ್ಲಾಹನ ಹೊರತು ದೇವರಿಲ್ಲ, ಮುಹಮ್ಮದರು ಅವನ ದೂತರು, ಇಷ್ಟೇ ಮಾತು. ಹುಟ್ಟಿದ ಮಗುವಿನ ಕಿವಿಯಲ್ಲಿ ಹೇಳುವ ಆಜಾನಿನಲ್ಲಿ ಇರುವುದೂ ಇದೇ ಸಾಕ್ಷಿ, ಸಾಯುವವರ ಬಾಯಲ್ಲಿ ಹೇಳಿಸುವುದೂ ಇದನ್ನೇ. ಸೌದಿಯ ಹಸಿರು ಬಾವುಟದ ಮೇಲೆ ಬಿಳಿ ಅಕ್ಷರದಲ್ಲಿ ಇದೆ. ಕಾಬಾದ ಹೊದಿಕೆಯೂ ಕಪ್ಪೇ, ಅಕ್ಷರ ಮಾತ್ರ ಬಂಗಾರದ್ದು.

2014ರಲ್ಲಿ ಆ ಐಸಿಸ್ ಉಗ್ರರು ಇರಾಕಿನ ಮೋಸುಲ್ ಪಟ್ಟಣ ಹಿಡಿದು, ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ ಇದೇ ಮಾತು ಬರೆದ ಬಾವುಟ ಹಿಡಿದು ಟಿವಿಯಲ್ಲಿ ಬಂದರು. ಪ್ರವಾದಿಯವರ ಮುದ್ರೆಯ ಉಂಗುರದ ಚಿತ್ರವನ್ನೂ ಬಿಡಲಿಲ್ಲ. ಅವರು ಕೊಂದವರಲ್ಲಿ ಮುಸ್ಲಿಮರೇ ಎಷ್ಟು ಸಾವಿರ, ಅದಿರಲಿ.

ಅಂಗಡಿಗೆ ಬಂದ ಗಿರಾಕಿಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ಒಬ್ಬ ಹುಡುಗ ಮಾತ್ರ ಲುಂಗಿ ಆರಿಸುತ್ತಾ ಗೋಡೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಗೋಡೆ ನೋಡಿದ. ಆವತ್ತು ರಾತ್ರಿ ಶಟರ್ ಎಳೆದ ಮೇಲೆ ಸ್ಟೂಲ್ ಹತ್ತಿ ನಾನೇ ತೆಗೆದೆ. ಅಪ್ಪ ಮರುದಿನ ಬಂದು ಖಾಲಿ ಗೋಡೆ ನೋಡಿದರು. ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಈಗ ಅದು ಮನೆಯೊಳಗೆ, ಅವರ ಮಂಚದ ತಲೆಯ ಕಡೆ ಇದೆ.

ನಿಮ್ಮ ಅಪ್ಪಯ್ಯ ಎರಡು ದಿನ ಕೂಗಾಡಿದರು ಅಂದಿರಲ್ಲ, ಅದು ಒಳ್ಳೆಯದೇ. ನೀವೂ ರಾತ್ರಿ ಹೋಗಿ ಡೈ ಬದಲು ಮಾಡಬೇಡಿ, ಅಷ್ಟೇ ಹೇಳಲಿಕ್ಕೆ ಬಂದೆ.

ಕಡಲಗುಂಡು_ಕಾರವಾರ

ಭಟ್ಕಳದವರೇ, ಇದು ನನಗೆ ಗೊತ್ತಿರಲಿಲ್ಲ. ನಾನಾಗಿದ್ದರೂ ಆ ಹುಡುಗನ ಹಾಗೇ ಎರಡು ಸಲ ನೋಡುತ್ತಿದ್ದೆ ಅನ್ನಿಸ್ತದೆ.

ಹಾಳೆಮನೆ_ಶಿರಸಿ

ಹತ್ತು ದಿನ ಆಯ್ತು, ಏನಾಯಿತು ಅಂತ ಹೇಳುವುದು ಬಾಕಿ ಇತ್ತು.

ಕುಮಟೆಯಣ್ಣನ ಬಾನೆಟ್ ಕಥೆಯನ್ನೂ ಭಟ್ಕಳದವರ ಗೋಡೆಯ ಕಥೆಯನ್ನೂ ಫೋನಿನಿಂದ ಓದಿ ಹೇಳಿದೆ. ಅಪ್ಪಯ್ಯ ಅಡಿಕೆ ಕತ್ತರಿಸುತ್ತಾ ಕೇಳಿದ. ಹಿತ್ತಾಳೆ ಕಲ್ಲಿನ ಮಾತು ಬಂದಾಗ ಅಡಕತ್ತರಿ ನಿಂತಿತು. "ಗಂಡ ಹೆಂಡ್ತಿ ಇಬ್ರನ್ನೂವಾ?" ಅಂದ, ಅಷ್ಟೇ. ಆನೆಗಳ ಕಥೆ ಬಿಯರ್ ಅನ್ನುವಲ್ಲಿಗೆ ನಿಂತಿತು, ಮೇಷ್ಟ್ರು ಹೇಳಿದ್ದು ಸರಿ.

ಮರುದಿನ ಬೆಳಿಗ್ಗೆ ನೋಡಿದರೆ ಎರಡು ಡೈ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಇಟ್ಟಾಗಿದೆ. "ಜರ್ಮನಿಯವ್ರ ಮಾತಿಗಲ್ಲ. ನಿನ್ನ ಆಯಿ ಎಂಜಲು ಎಂಜಲು ಹೇಳಿ ಯಾವತ್ತಿಂದ ಹೇಳ್ತಾ ಇದ್ದು. ಅದ್ರ ಮಾತಿಗೆ ತೆಗೆಸ್ತಿ" ಅಂದ. ಇಷ್ಟು ವರ್ಷ ಬಿಟ್ಟು! ಒಳಗಿನಿಂದ ಆಯಿ ಕೇಳಿಸಿಕೊಂಡಳು, ಪಾತ್ರೆಯ ಸದ್ದು ಸ್ವಲ್ಪ ಜಾಸ್ತಿಯಾಯಿತು.

ಶಿರಸಿಯ ಲೇತಿನವನು ಎರಡೂ ಡೈಯ ಮುಖ ಸವರಿ ನುಣುಪು ಮಾಡಿಕೊಟ್ಟ. ಉಳಿದೆರಡು ಮಷಿನ್ನಿಗೆ ಹಳೆ ಡೈಯೇ ಇದೆ, ಊರ ಮದುವೆಗೆ ಬೇಕಲ್ಲ. ಆಯಿಯ ಮಾತಿಗೆ ತೆಗೆಸಿದ್ದಾದರೆ ನಾಲ್ಕೂ ತೆಗೆಸಬೇಕಿತ್ತು ಅಂತ ನಾನು ಲೆಕ್ಕ ಕೇಳಲು ಹೋಗಿಲ್ಲ. ಹೊಸ ಸ್ಯಾಂಪಲ್ ಹೋಗಿದೆ, ಒಪ್ಪಿದ್ದಾರೆ.

ಈಗ ಹೊಸ ತಲೆಬಿಸಿ. ಆ ವ್ಯಾಪಾರಿಗೆ ತನ್ನ ವೆಬ್‌ಸೈಟಿಗೆ ಹಾಕಲು ನಮ್ಮ ಘಟಕದ ವಿಡಿಯೋ ಬೇಕಂತೆ, ಹೆಂಗಸರು ಕೆಲಸ ಮಾಡುವುದು, ಹಾಳೆ ತೊಳೆಯುವುದು ಎಲ್ಲ. ಮಷಿನ್ನುಗಳ ಹಣೆ ಮೇಲೆ ದೊಡ್ಡಹಬ್ಬದ ಕುಂಕುಮದ ಸ್ವಸ್ತಿಕ ಇನ್ನೂ ಎದ್ದು ಕಾಣುತ್ತಿದೆ. ಒರೆಸು ಅಂತ ಅಪ್ಪಯ್ಯನಿಗೆ ನಾನಂತೂ ಹೇಳಲಾರೆ. ಕ್ಯಾಮೆರಾ ಕೆಳಗಿಟ್ಟು ಬರೀ ಕೈ ಕಾಣುವ ಹಾಗೆ ತೆಗೆಯಬಹುದು. ಹಾಗೆ ಅಡಗಿಸಿ ತೆಗೆಯುವುದು ನನಗೂ ಮನಸ್ಸಿಲ್ಲ.

ಕುಮಟೆಯಂವ

ಒರೆಸುವುದು ಬೇಡ, ಹಾಗಂತ ಸೀದಾ ಹಾಕುವುದೂ ಬೇಡ. ವೆಬ್‌ಸೈಟು ಅಂದರೆ ಮತ್ತೆ ಬಾನೆಟ್ಟೇ. ವ್ಯಾಪಾರಿಗೆ ಮೊದಲೇ ತಿಳಿಸಿ, ಅವನೇ ವಕೀಲರನ್ನು ಕೇಳಿಕೊಳ್ಳಲಿ. ಇದು ಏನು, ಯಾವ ಹಬ್ಬದಲ್ಲಿ ಯಾಕೆ ಬರೆಯುತ್ತಾರೆ ಅಂತ ನಾಲ್ಕು ಸಾಲು ಜರ್ಮನ್‌ನಲ್ಲಿ ನಾನು ಬರೆದುಕೊಡುತ್ತೇನೆ, ಹಾಕಿದರೆ ವಿಡಿಯೋದ ಒಳಗೇ ಬರಬೇಕು. ಒಪ್ಪದಿದ್ದರೆ ಬರೀ ಕೈ ತೆಗೆಯಿರಿ, ಹಾಳೆ ತೊಳೆಯುವ ಕೈಯೂ ಚೆಂದವೇ.

ಹಾಳೆಮನೆ_ಶಿರಸಿ

ಬರೆದುಕೊಡಿ ಅಣ್ಣ, ಮಂಗಳವಾರದೊಳಗೆ. ಅಪ್ಪಯ್ಯ ಒಂದು ಸಲ ಓದದೆ ಕಳಿಸುವ ಹಾಗಿಲ್ಲ ಅಂದಿದ್ದಾನೆ. ಜರ್ಮನ್ ಬರುವುದಿಲ್ಲ, ಆದರೂ ಓದುತ್ತಾನಂತೆ. ಕನ್ನಡದಲ್ಲೂ ಒಂದು ಪ್ರತಿ ಇಡಿ.