ಸಹಾಯ ಬೇಕು: ನೋಡ್ 18ರಲ್ಲಿ ಲೋಕಲ್ ಮಾಂಗೋಡಿಬಿ ಕನೆಕ್ಟ್ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸೋ ಸಾಫ್ಟ್‌ವೇರ್), ಅದರ ವೆಬ್ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್, ಮಾಂಗೋಡಿಬಿ ಡೇಟಾಬೇಸ್ ಜೊತೆ ಮಾತಾಡೋ ಲೈಬ್ರರಿ ಮಾಂಗೂಸ್, ಇವುಗಳಲ್ಲಿ ಒಂದು ಚಿಕ್ಕ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿದ ಡೇಟಾ ಕೊಡೋ ಸರ್ವರ್) ಮಾಡಿದ್ದೀನಿ. ಉಬುಂಟು ಲ್ಯಾಪ್‌ಟಾಪ್, ಡೇಟಾಬೇಸೂ ಅದರಲ್ಲೇ ಇದೆ. ನೋಡ್ 16ರಲ್ಲಿ ಚೆನ್ನಾಗೇ ಓಡ್ತಿತ್ತು. 18 ಹಾಕಿದ್ಮೇಲೆ, ಕೋಡ್ ಒಂದಕ್ಷರ ಬದಲಾಗದಿದ್ರೂ, 30 ಸೆಕೆಂಡ್ ಸುಮ್ನೆ ನಿಂತು ಆಮೇಲೆ 'ಕನೆಕ್ಷನ್ ರೆಫ್ಯೂಸ್ಡ್' ಎರರ್. ಅದ್ರಲ್ಲಿ ತೋರಿಸೋ ವಿಳಾಸ ::1 (ಇದೇ ಲ್ಯಾಪ್‌ಟಾಪ್‌ನ ಐಪಿವಿ6 ವಿಳಾಸ), ಪೋರ್ಟ್ 27017.

ಮಾಂಗೋ ಸರ್ವಿಸ್ ಆನ್ ಇದೆ, ಅದರ ಶೆಲ್‌ನಿಂದ ಆರಾಮಾಗಿ ಒಳಗೆ ಹೋಗ್ಬಹುದು. ಸರ್ವಿಸ್ ರೀಸ್ಟಾರ್ಟ್, ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಮರು-ಇನ್‌ಸ್ಟಾಲ್, ಫೈರ್‌ವಾಲ್ ಆಫ್, ಯಾವ್ದಕ್ಕೂ ಜಗ್ಗಲಿಲ್ಲ. ಯುಆರ್‌ಎಲ್‌ನಲ್ಲಿ 'ಲೋಕಲ್‌ಹೋಸ್ಟ್' (ಇದೇ ಯಂತ್ರ ಅನ್ನೋ ಹೆಸರು) ತೆಗೆದು 127.0.0.1 (ಇದೇ ಯಂತ್ರದ ಐಪಿವಿ4 ವಿಳಾಸ) ಹಾಕಿದ್ರೆ ಮಾತ್ರ ತಕ್ಷಣ ಕನೆಕ್ಟ್!

ಕಾರಣ ಅರ್ಥವಾಗಿದೆ: ಒಂದು ಹೆಸರಿಗೆ ಐಪಿವಿ4 (ಹಳೇ ಮಾದರಿ), ಐಪಿವಿ6 (ಹೊಸ ಮಾದರಿ) ಎರಡೂ ವಿಳಾಸ ಇದ್ರೆ ಐಪಿವಿ4 ವಿಳಾಸವನ್ನೇ ಮುಂದಿಡೋ ಪದ್ಧತಿ ನೋಡ್ 17ರಿಂದ ಬಿಟ್ಟಿದ್ದಾರೆ; ಸಿಸ್ಟಮ್ ಕೊಟ್ಟ ಕ್ರಮದಲ್ಲೇ ತಗೊಳ್ಳುತ್ತೆ. ಇಲ್ಲಿ ಐಪಿವಿ6 ಮೊದಲು ಬರುತ್ತೆ, ಮಾಂಗೋ ಕೇಳಿಸಿಕೊಳ್ಳೋದು 127.0.0.1ರಲ್ಲಿ ಮಾತ್ರ.

ಗೊಂದಲ ಇರೋದು ಪರಿಹಾರದಲ್ಲಿ. ಯುಆರ್‌ಎಲ್‌ನಲ್ಲೇ 127.0.0.1 ಬರೆದುಬಿಡೋದಾ, ಮಾಂಗೋ ಕಾನ್ಫಿಗ್‌ನಲ್ಲಿ ಐಪಿವಿ6 ಆನ್ ಮಾಡಿ ಬೈಂಡ್ ಐಪಿಗೆ (ಮಾಂಗೋ ಕೇಳಿಸಿಕೊಳ್ಳೋ ವಿಳಾಸಗಳ ಪಟ್ಟಿ) ::1 ಸೇರಿಸೋದಾ, ಇಲ್ಲಾ ನೋಡ್‌ಗೇ 'ಐಪಿವಿ4 ಫಸ್ಟ್' ಅಂತ ಡಿಎನ್‌ಎಸ್ ಆರ್ಡರ್ (ಹೆಸರಿಗೆ ಸಿಗೋ ವಿಳಾಸಗಳ ಕ್ರಮ) ಕೊಡೋದಾ? ಕೊನೇದು ಇಡೀ ಪ್ರೋಸೆಸ್‌ಗೇ ಅನ್ವಯ ಆಗೋದ್ರಿಂದ ಸ್ವಲ್ಪ ಅಳುಕು. ಇದೇ ಪ್ರಾಜೆಕ್ಟನ್ನ ಮುಂದೆ ಡಾಕರ್‌ಗೆ (ಆ್ಯಪ್‌ಗಳನ್ನ ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸೋ ಟೂಲ್) ಹಾಕ್ಬೇಕು, ಅಲ್ಲಿ ಹೋಸ್ಟ್ ಹೆಸರೇ ಬೇರೆ.

ಎರಡೂ ಕಡೆ ತೊಂದರೆ ಕೊಡದೇ ಇರೋದು ಈ ಮೂರರಲ್ಲಿ ಯಾವುದು, ಯಾಕೆ?