ಮ್ಯಾಮೋಗ್ರಾಂ ಆದ ಮೇಲೆ ‘ಮತ್ತೆ ಬನ್ನಿ’ ಅಂದಿದ್ದಾರೆ. ಅನುಭವ ಇದ್ದವರು ಹೇಳಿ

ಪ್ರಶ್ನೆ: ನನಗೆ 46. ಮೊನ್ನೆ ಮೊದಲ ಸಲ ಮ್ಯಾಮೋಗ್ರಾಂ, ಅಂದರೆ ಎದೆ ಒತ್ತಿ ತೆಗೆಯುವ ಎಕ್ಸ್-ರೇ, ಮಾಡಿಸಿದೆ. ರಿಪೋರ್ಟಿನ ಕೊನೆಗೆ ‘ಬೈರಾಡ್ಸ್ 0’ ಅಂತ ಇದೆ. ಎಡಗಡೆಯದು ಇನ್ನೊಮ್ಮೆ ನೋಡಬೇಕು, ಸೋಮವಾರ ಬನ್ನಿ ಅಂದರು. ಎದೆ ಇನ್ನೂ ನೋಯುತ್ತಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮುಂದೆ ಏನು ಮಾಡುತ್ತಾರೆ?

ಮೈಸೂರಿನಿಂದ: ಅಕ್ಕ, ಆ ಸೊನ್ನೆ ನೋಡಿ ನಾನು ಉಲ್ಟಾ ಏಮಾರಿದ್ದೆ. ಸೊನ್ನೆ ಅಂದರೆ ಏನೂ ಇಲ್ಲ ಅಂದುಕೊಂಡು ರಿಪೋರ್ಟನ್ನು ಬೀರುವಿಗೆ ತುರುಕಿದ್ದೆ! ಬೈರಾಡ್ಸ್ ಅಂದರೆ ಚಿತ್ರದಲ್ಲಿ ಕಂಡದ್ದಕ್ಕೆ ಡಾಕ್ಟರ್ ಕೊಡುವ ನಂಬರ್. ಸೊನ್ನೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ‘ಇಷ್ಟು ಚಿತ್ರದಲ್ಲಿ ಹೇಳಲು ಆಗುತ್ತಿಲ್ಲ’ ಅಂತ, ಅಷ್ಟೇ. 1, 2 ಬಂದರೆ ಚಿಂತೆ ಇಲ್ಲ. 3 ಅಂದರೆ ಬಹುತೇಕ ಕೆಟ್ಟದ್ದಲ್ಲ, 6 ತಿಂಗಳು ಬಿಟ್ಟು ನೋಡೋಣ ಅಂತ. 4, 5 ಆದರೆ ಸಾಮಾನ್ಯವಾಗಿ ಬಯಾಪ್ಸಿ (ಆ ಜಾಗದ ಚೂರು ತೆಗೆದು ಪರೀಕ್ಷೆ) ಹೇಳುತ್ತಾರೆ. ಮೊದಲ ಸಲದವರನ್ನು ವಾಪಸ್ ಕರೆಯುವುದು ಜಾಸ್ತಿ. ಹೋಲಿಸಲು ಹಳೇ ಫಿಲ್ಮ್ ಇರುವುದಿಲ್ಲವಲ್ಲ.

ಎರಡನೇ ಸಲ ನನಗೆ ಚಿಕ್ಕ ಪ್ಲೇಟ್ ಇಟ್ಟು ಅದೊಂದೇ ಜಾಗ ಒತ್ತಿದರು. ಆಮೇಲೆ ಪಕ್ಕದ ರೂಮಿನಲ್ಲಿ ಅಲ್ಟ್ರಾಸೌಂಡ್. ತಣ್ಣಗಿನ ಜೆಲ್, ಮಂಕು ಬೆಳಕು. ಡಾಕ್ಟರ್ ಒಂದೇ ಕಡೆ ನಿಲ್ಲಿಸಿ ಟಕ್ ಟಕ್ ಅಂತ ಫೋಟೋ ತೆಗೆದರು. ನಾನು ಸ್ಕ್ರೀನ್ ಬಿಟ್ಟು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿದರೆ ನನ್ನ ಕಥೆ ಮುಗೀತು ಅನ್ನೋ ಹಾಗೆ. ಕೊನೆಗೆ ನೋಡಿದರೆ ನೀರು ತುಂಬಿದ ಗುಳ್ಳೆ. ಏನೂ ಮಾಡಬೇಕಿಲ್ಲ ಅಂದರು.

ರಿಪೋರ್ಟಿನಲ್ಲಿ ‘ಡೆನ್ಸ್’ ಅಂತ ಇದ್ದರೆ ಅದೂ ರೋಗ ಅಲ್ಲ. ಕೊಬ್ಬು ಕಡಿಮೆ, ಗ್ರಂಥಿ ಜಾಸ್ತಿ. ಅದು ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ. ಅದಕ್ಕೇ ಅಲ್ಟ್ರಾಸೌಂಡ್ ಬೇಕಾಗುವುದು.

ಶಿವಮೊಗ್ಗದಿಂದ: ನೋವಿನ ಬಗ್ಗೆ ಮಾತ್ರ ಹೇಳುತ್ತೇನೆ. ನನಗೆ ಎರಡು ದಿನ ಇತ್ತು. ಮೆತ್ತಗಿನ ಕಾಟನ್ ಬ್ರಾ ಹಾಕಿಕೊಂಡೆ, ಇನ್ನೊಂದು ಮಗ್ಗುಲಲ್ಲಿ ಮಲಗಿದೆ, ಹೋಯಿತು. ಜಾಗ ಕೆಂಪಾಗಿ ಜ್ವರ ಬಂದರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ ಸೋಮವಾರದವರೆಗೆ ಕಾಯಬೇಡಿ. ಮ್ಯಾಮೋಗ್ರಾಂಗೆ ಹೋಗುವ ದಿನ ಪೌಡರ್, ಡಿಯೋಡರೆಂಟ್ ಬೇಡ. ಫಿಲ್ಮಿನಲ್ಲಿ ಸುಣ್ಣದ ಚುಕ್ಕಿ ಥರ ಕಾಣಬಹುದು, ಸುಮ್ನೆ ಇನ್ನೊಂದು ಗಾಬರಿ.

ಹುಬ್ಬಳ್ಳಿಯಿಂದ: ನಮ್ಮ ಅವ್ವನಿಗೆ ಬಯಾಪ್ಸಿ ಆಯಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕುತ್ತಾರೆ. ಸ್ಟೇಪ್ಲರ್ ಒತ್ತಿದ ಹಾಗೆ ಸದ್ದು ಬರುತ್ತದೆ. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅವ್ವ ಬೆಚ್ಚಿಬಿದ್ದಳು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಬೇಕು. ನೀಲಿಗಟ್ಟಿದ್ದು ಹಳದಿಯಾಗಿ ಹೋಗಲು ಹತ್ತು ದಿನ ಹಿಡಿಯಿತು. ರಿಪೋರ್ಟ್ 6 ದಿನಕ್ಕೆ ಬಂತು. ಆ 6 ದಿನ ಸೂಜಿಗಿಂತ ಕಷ್ಟ.

ಮುಚ್ಚಿಡುವುದಿಲ್ಲ, ಅವ್ವನದು ಕ್ಯಾನ್ಸರೇ ಆಗಿತ್ತು. ಸಣ್ಣದಿರುವಾಗಲೇ ಸಿಕ್ಕಿತು. ಆಪರೇಶನ್, ರೇಡಿಯೇಶನ್ ಮುಗಿದು ಮೂರು ವರ್ಷ ಆಯಿತು. ನಿನ್ನೆ ಶೇಂಗಾ ಹೋಳಿಗೆ ಮಾಡಿ, ನಾನು ಹೂರಣ ತೆಳ್ಳಗೆ ಮಾಡಿದೆ ಅಂತ ಬೈದಳು. ಅಕ್ಕ, ಒಬ್ಬರೇ ಹೋಗಬೇಡಿ. ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ಕಿವಿಗೇ ಬೀಳುವುದಿಲ್ಲ. ಜೊತೆಗಿದ್ದವರು ಬರೆದುಕೊಳ್ಳಲಿ.

ಪ್ರಶ್ನೆ ಕೇಳಿದವರು: ತಂಗಿಗೆ ಈಗ ಫೋನ್ ಮಾಡಿದೆ. ಬರುತ್ತೇನೆ ಅಂದಳು, ಇಷ್ಟು ದಿನ ಹೇಳಲಿಲ್ಲ ಅಂತ ಚೆನ್ನಾಗಿ ಉಗಿದಳು. ಐದು ವರ್ಷದ ಹಿಂದೆ ಮಾಡಿಸಿದ್ದ ಎದೆಯ ಅಲ್ಟ್ರಾಸೌಂಡ್ ಫಿಲ್ಮ್ ಹಾಸಿಗೆ ಕೆಳಗೆ ಸಿಕ್ಕಿದೆ. ಅದನ್ನೂ ಒಯ್ಯುತ್ತೇನೆ.