ಯಾರ ಬ್ಯಾಗಿನಿಂದ ಬಂತು?

ಮೊನ್ನೆ ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಅತ್ತಿಗೆಯನ್ನು ಕೇಳಿ, ಅವರು ಹೂಂ ಅಂದ ಮೇಲೆ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ಅವರವರು ನನಗೆ ಏನಾಗಬೇಕೋ ಅದನ್ನಷ್ಟೇ ಉಳಿಸಿದ್ದೇನೆ. ಅಣ್ಣ, ಅತ್ತಿಗೆ ನಾಡಿದ್ದು ಪ್ರವಾಸ ಹೊರಡುವವರಿದ್ದರು. ಅದು ನೆನಪಾಗಿ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು.

ಚಿಕ್ಕಪ್ಪ: *ಪ್ರಯಾಣಿಕರೇ ಎಚ್ಚರ!!* ಹೋಟೆಲುಗಳಲ್ಲಿ ಹೊಸ ಜಾತಿಯ ತಿಗಣೆ. ಹಾಸಿಗೆಯಿಂದ ಹಾಸಿಗೆಗೆ ಹಾರುತ್ತದೆ. ಕಚ್ಚಿದರೆ ರಕ್ತಕ್ಕೆ ರೋಗ ಸೇರುತ್ತದೆ. ಯಾವ ಔಷಧಿಗೂ ಸಾಯುವುದಿಲ್ಲ. ಸೂಟ್‌ಕೇಸಿನಲ್ಲಿ ನಾಲ್ಕು ನುಸಿಗುಳಿಗೆ ಇಟ್ಟರೆ ಹತ್ತಿರ ಸುಳಿಯದು. ನಿಮ್ಮವರಿಗೆಲ್ಲ ತಲುಪಿಸಿ!!

ಚಿಕ್ಕಮ್ಮ: ಅಯ್ಯೋ ದೇವರೇ. ನುಸಿಗುಳಿಗೆ ನಮ್ಮ ಬೀರುವಿನಲ್ಲೇ ಇದೆ, ಬಂದು ತಗೊಂಡು ಹೋಗಿ.

ಭಾವ: ಇದರ ಮೂಲ ಯಾವುದು ಚಿಕ್ಕ ಮಾವ? ಹೇಳಿದ್ದು ಯಾರು, ಯಾವಾಗ, ಒಂದೂ ಇಲ್ಲ.

ಚಿಕ್ಕಪ್ಪ: ನಾನು ಬರೆದದ್ದಲ್ಲ ಅಳಿಯಂದಿರೇ. ಬಂತು, ಕಳಿಸಿದೆ. ಹೊರಟಿರೋ ಮಕ್ಕಳ ಒಳ್ಳೇದಕ್ಕೆ ತಾನೇ?

ಭಾವ: ತಿಗಣೆ ಹಾರಲ್ಲ, ನೆಗೆಯೋದೂ ಇಲ್ಲ, ತೆವಳಿಕೊಂಡು ಹೋಗುತ್ತೆ ಅಷ್ಟೆ. ಅದು ಕಚ್ಚಿ ಮನುಷ್ಯರಿಗೆ ರೋಗ ಅಂಟಿದ್ದು ಇದುವರೆಗೂ ಸಾಬೀತಾಗಿಲ್ಲ. ತುರಿಕೆ, ನಿದ್ದೆ ಕೆಡೋದು, ಕೆರೆದು ಗಾಯ ಆಗೋದು, ಇಷ್ಟು ನಿಜ.

ಚಿಕ್ಕಪ್ಪ: ಹಾಗಾದ್ರೆ 2023ರಲ್ಲಿ ಪ್ಯಾರಿಸ್‌ನಲ್ಲಿ ರೈಲಿನ ಸೀಟಲ್ಲೂ ಬಂದಿತ್ತಲ್ಲ, ಅದೂ ಸುಳ್ಳಾ? ಟಿವಿಯಲ್ಲೇ ತೋರಿಸಿದ್ರು.

ಭಾವ: ಆ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ವಿಡಿಯೋಗಳು ಹರಿದಾಡಿದ್ದು ನಿಜ. ಆದರೆ ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ ಅದಕ್ಕೂ ಮುಂಚೆ, ಜುಲೈನಲ್ಲೇ, ಲೆಕ್ಕ ಕೊಟ್ಟಿತ್ತು. 2017ರಿಂದ 2022ರವರೆಗೆ ಅಲ್ಲಿನ ಶೇ 11ರಷ್ಟು ಮನೆಗಳಲ್ಲಿ ತಿಗಣೆ ಇತ್ತು ಅಂತ. ಇದ್ದದ್ದು ಮೊದಲಿಂದಲೂ ಇತ್ತು, ಜನರ ಕಣ್ಣಿಗೆ ಬಿದ್ದದ್ದು ಆಮೇಲೆ.

ಚಿಕ್ಕಪ್ಪ: ನಾನು ಏನೇ ಹಾಕಿದ್ರೂ ನಿಮ್ಮದೊಂದು ತಕರಾರು ಇದ್ದೇ ಇರುತ್ತೆ. ಆ ಫೋನ್ ಬ್ಯಾಟರಿ ವಿಷಯದಲ್ಲೂ ಎಲ್ಲರೆದುರಿಗೆ ನನ್ನ ಮಾತು ಬೀಳಿಸಿದ್ರಿ.

ಭಾವ: ಅವತ್ತೂ ಮೂಲ ಯಾವುದು ಅಂತಷ್ಟೇ ಕೇಳಿದ್ದೆ ಮಾವ.

ಚಿಕ್ಕಪ್ಪನ ಮಗಳು: ತಿಗಣೆ ವಂಶ ಡೈನೋಸಾರ್ ಕಾಲದಲ್ಲೇ ಇತ್ತಂತೆ, ಗೊತ್ತಾ? 10 ಕೋಟಿ ವರ್ಷಕ್ಕೂ ಹಿಂದೆ. 2019ರಲ್ಲಿ ಒಂದು ಅಧ್ಯಯನ ಬಂದಿತ್ತು.

ಚಿಕ್ಕಪ್ಪ: ನೀನು ಓದ್ಕೋ ಹೋಗು.

ದೊಡ್ಡಪ್ಪ: ರೋಗ ಬರಲಿ, ಬಿಡಲಿ. ಶುಚಿ ಇರುವ ಕಡೆ ತಿಗಣೆ ಬರುವುದಿಲ್ಲ. ಹೊರಗೆ ಹೋದವರು ಕೊಳೆ ಬಟ್ಟೆಯನ್ನು ಬ್ಯಾಗಿಗೆ ತುರುಕಿ ತರುತ್ತಾರೆ, ಅದೇ ಬ್ಯಾಗನ್ನು ಹಾಸಿಗೆ ಮೇಲೆ ಇಡುತ್ತಾರೆ. ನಮ್ಮ ಮನೆಗೆ ಒಮ್ಮೆ ಹೇಗೆ ಬಂತು ಎಂದು ಎಲ್ಲರಿಗೂ ಗೊತ್ತಿದೆ. ಹೆಸರು ಹೇಳುವುದು ಬೇಡ.

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. 11 ವರ್ಷದ ಹಿಂದೆ ಮನೆಮಂದಿಯೆಲ್ಲ ಪ್ರವಾಸ ಹೋಗಿ ಮೂರು ರಾತ್ರಿ ಒಂದು ಲಾಡ್ಜಿನಲ್ಲಿ ಉಳಿದಿದ್ದೆವು. ಅತ್ತಿಗೆ ಮದುವೆಯಾಗಿ ಬಂದು ಮೂರು ತಿಂಗಳೂ ಆಗಿರಲಿಲ್ಲ. ವಾಪಸು ಬಂದ ಎರಡನೇ ಬೆಳಗ್ಗೆ ಅವರ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದು ಎದ್ದಿತ್ತು. ಐದನೇ ದಿನ ದೊಡ್ಡಪ್ಪನ ಮಂಚ ಬಿಚ್ಚಿದಾಗ ಸಂದಿ ತುಂಬ ತಿಗಣೆ. ಮೊದಲು ತುರಿಸಿಕೊಂಡವರು ಅತ್ತಿಗೆ, ಹಾಗಾಗಿ ಅವರ ಬ್ಯಾಗಿನಿಂದಲೇ ಬಂದದ್ದು ಅಂತ ಮನೆಯಲ್ಲಿ ತೀರ್ಮಾನವಾಗಿಹೋಯಿತು. ಆಮೇಲೆ ಇಷ್ಟು ವರ್ಷ, ಯಾರಾದರೂ ಸೂಟ್‌ಕೇಸ್ ಒಳಗೆ ತಂದಾಗಲೆಲ್ಲ ಆ ಮಾತು ಬಂದೇ ಬರುತ್ತಿತ್ತು. ಅತ್ತಿಗೆ ಒಂದು ದಿನವೂ ಎದುರಾಡಲಿಲ್ಲ.

ಅಣ್ಣ: ದೊಡ್ಡಪ್ಪ, ಅದನ್ನ ಈಗ ಯಾಕೆ ತೆಗೆದ್ರಿ?

ದೊಡ್ಡಪ್ಪ: ನಾನು ಯಾರನ್ನೂ ಅಂದಿಲ್ಲ. ಪಾಠ ಎಲ್ಲರಿಗೂ ಆಗಲಿ ಎಂದೆ.

ಅತ್ತೆ ಮಗ: ಆ ಪ್ರವಾಸ! ಎಂಥಾ ದಿನಗಳು. ಒಂದೇ ರೂಮಲ್ಲಿ ಎಂಟು ಜನ, ನೆಲದ ಮೇಲೆ ಹಾಸಿಗೆಗೆ ಹಾಸಿಗೆ ಜೋಡಿಸಿ ಮಲಗಿದ್ವಿ. ರಾತ್ರಿ ಕರೆಂಟು ಹೋಗಿ ದೊಡ್ಡ ಮಾವ ದೆವ್ವದ ಕಥೆ ಹೇಳಿದ್ರು. ಫೋಟೋ ಎಲ್ಲ ಇಟ್ಕೊಂಡಿದ್ದೀನಿ, ಇರಿ.

ಭಾವ: ವಿಷಯ ತಿಗಣೆ.

ಅತ್ತೆ ಮಗ: ಹಾಕ್ತೀನಿ ಇರಿ ಅಂದ್ನಲ್ಲ.

ಒಂದರ ಹಿಂದೊಂದು ಒಂಬತ್ತು ಫೋಟೋ ಬಂದವು. ಚಿಕ್ಕಮ್ಮ ಪ್ರತಿಯೊಂದಕ್ಕೂ ಹೃದಯದ ಗುರುತು ಒತ್ತಿದರು. ಬಸ್ಸಿನ ಕಿಟಕಿ, ತೆಳ್ಳಗಿದ್ದ ಅಣ್ಣ, ನೀಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಗುತ್ತಿದ್ದ ಅತ್ತಿಗೆ. ಒಂಬತ್ತನೆಯದು ಪ್ರವಾಸದ್ದಲ್ಲ. ಮನೆಯಲ್ಲಿ ಮಂಚ ಬಿಚ್ಚಿದ ದಿನ ತೆಗೆದದ್ದು, ಉಳಿದವುಗಳ ಜೊತೆ ಸೇರಿಕೊಂಡು ಬಂದಿತ್ತು. ಅವತ್ತು ಟಾರ್ಚ್ ಹಿಡಿದಿದ್ದವಳು ನಾನು. ಫೋಟೋದ ಮೂಲೆಯಲ್ಲಿ ನನ್ನ ಹೆಬ್ಬೆರಳು ಕಾಣುತ್ತದೆ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ತಲೆದಿಂಬಿನ ಕಡೆಯ ಹಲಗೆ ಕಾಲಿಗೆ ಕೂಡುವ ಕಡೆ, ಬಾಲ್‌ಪೆನ್ನಿನ ತುದಿ ಒತ್ತಿದ ಹಾಗೆ ಕಪ್ಪು ಚುಕ್ಕೆಗಳು, ಒಂದರ ಮೇಲೊಂದು. ನಡುನಡುವೆ ಗಾಜಿನಂತೆ ತೆಳ್ಳಗಿನ ಕಂದು ಪೊರೆಗಳು. ಎಳ್ಳಿನಷ್ಟು ಚಿಕ್ಕವೂ ಇದ್ದವು, ಸೇಬಿನ ಬೀಜಕ್ಕಿಂತ ತುಸು ಸಣ್ಣವೂ ಇದ್ದವು.

ಅದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು: ಎಲ್ಲರೂ ಕೊನೇ ಫೋಟೋ ದೊಡ್ಡದು ಮಾಡಿ ನೋಡಿ. ಅಲ್ಲಿರೋ ಸಿಪ್ಪೆಗಳು ತಿಗಣೆ ಮರಿ ಬೆಳೆಯುತ್ತಾ ಕಳಚಿದ ಪೊರೆ. ಮೊಟ್ಟೆ ಒಡೆಯೋಕೇ ಆರರಿಂದ ಹತ್ತು ದಿನ ಬೇಕು. ಮರಿ ದೊಡ್ಡದಾಗೋಕೆ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲವೂ ಅದಕ್ಕೆ ಮುಂಚೆ ರಕ್ತ ಕುಡಿಯಬೇಕು. ಎಷ್ಟೇ ಅನುಕೂಲ ಇದ್ರೂ ಮೊಟ್ಟೆಯಿಂದ ದೊಡ್ಡ ತಿಗಣೆ ಆಗೋಕೆ ಒಂದು ತಿಂಗಳ ಮೇಲೇ ಹಿಡಿಯುತ್ತೆ. ನಾವು ವಾಪಸು ಬಂದು ಆಗಿದ್ದು ಐದೇ ದಿನ. ಐದು ದಿನದಲ್ಲಿ ಇಷ್ಟು ಅಳತೆಯ ಪೊರೆ, ಇಷ್ಟು ಚುಕ್ಕೆ ಆಗೋಕೆ ಸಾಧ್ಯವೇ ಇಲ್ಲ. ನಾವು ಪ್ರವಾಸ ಹೊರಡೋಕೆ ಮುಂಚೆಯೇ ಆ ಮಂಚದಲ್ಲಿ ತಿಗಣೆ ಇತ್ತು.

ಭಾವ: ನಿನ್ನ ಮೂಲ?

ನಾನು: ಫೋಟೋ ಎದುರಿಗಿದೆ ಭಾವ. ತಾರೀಕೂ ಇದೆ. ತಿಗಣೆ ಎಷ್ಟು ದಿನಕ್ಕೆ ಬೆಳೆಯುತ್ತೆ ಅನ್ನೋದನ್ನ ಯಾವ ಕೀಟಶಾಸ್ತ್ರದ ಪುಸ್ತಕದಲ್ಲಾದ್ರೂ ನೋಡಿ.

ಭಾವ: ನೋಡಿದೆ. ಸರಿ ಇದೆ.

ಭಾವ ಯಾರಿಗಾದರೂ ಸರಿ ಇದೆ ಅಂದದ್ದನ್ನು ಈ ಗುಂಪಿನಲ್ಲಿ ನಾನು ಕಂಡದ್ದು ಅದೇ ಮೊದಲು.

ದೊಡ್ಡಪ್ಪ: ಮೊದಲೇ ಇದ್ದಿದ್ದರೆ ನನಗೆ ಕಚ್ಚುತ್ತಿರಲಿಲ್ಲವೇ? ನನ್ನ ಮೈಮೇಲೆ ಒಂದು ಗುರುತೂ ಇರಲಿಲ್ಲ.

ನಾನು: ಕಚ್ಚಿದ್ರೂ ಕೆಲವರ ಮೈಯಲ್ಲಿ ಗುರುತೇ ಏಳಲ್ಲ ದೊಡ್ಡಪ್ಪ. ಕೆಲವರಿಗೆ ಎರಡು ವಾರ ಕಳೆದ ಮೇಲೂ ಏಳುತ್ತೆ. ಯಾರು ಮೊದಲು ತುರಿಸಿಕೊಂಡ್ರು ಅನ್ನೋದರಿಂದ ಯಾರು ತಂದ್ರು ಅಂತ ಹೇಳೋಕೆ ಆಗಲ್ಲ. ಕೊಳಕಿಗೆ ಬರುತ್ತೆ ಅನ್ನೋದೂ ತಪ್ಪು. ಅದಕ್ಕೆ ಬೇಕಾಗಿರೋದು ರಕ್ತ, ನಮ್ಮ ಉಸಿರು, ಮೈಯ ಬಿಸಿ ಹಿಡಿದು ಬರುತ್ತೆ. ಎಷ್ಟು ಗುಡಿಸಿ ಒರೆಸಿದ ಮನೆಯಲ್ಲೂ ಇರುತ್ತೆ. ಕೊಳಕು ಅಂತ ಬೈಯೋದರಿಂದ ಜನ ಮುಚ್ಚಿಡ್ತಾರೆ, ಮುಚ್ಚಿಟ್ಟಷ್ಟು ದಿನ ಅದು ಹೆಚ್ಚುತ್ತಾ ಹೋಗುತ್ತೆ.

ಭಾವ: ಕೊಳೆ ಬಟ್ಟೆ ವಿಷಯದಲ್ಲಿ ಮಾತ್ರ ದೊಡ್ಡ ಮಾವ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ನೋಡಿದಾಗ, ಒಗೆದ ಬಟ್ಟೆಯ ಚೀಲಕ್ಕಿಂತ ಉಟ್ಟು ಬಿಟ್ಟ ಬಟ್ಟೆಯ ಚೀಲಕ್ಕೆ ತಿಗಣೆ ಎರಡರಷ್ಟು ಸೇರಿದ್ವು. ನಮ್ಮ ಮೈವಾಸನೆಗೆ. ಹಾಗಾಗಿ ಉಟ್ಟ ಬಟ್ಟೆಯನ್ನ ರೂಮಿನ ನೆಲದ ಮೇಲೆ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು.

ಚಿಕ್ಕಪ್ಪ: ಔಷಧಿಗೆ ಸಾಯಲ್ಲ ಅಂತ ನಾನು ಹಾಕಿದ್ದು?

ಭಾವ: ಅದು ಅರ್ಧ ನಿಜ, ಒಪ್ಪಿಕೊಳ್ತೀನಿ ಮಾವ. 1940ರ ದಶಕದಲ್ಲಿ ಡಿಡಿಟಿ ಬಂದಾಗ ತಿಗಣೆ ಕಥೆ ಮುಗೀತು ಅಂದುಕೊಂಡಿದ್ರು. ಆ ದಶಕ ಮುಗಿಯೋದರೊಳಗೇ ಹವಾಯಿಯಲ್ಲಿ ಡಿಡಿಟಿಗೆ ಬಗ್ಗದ ತಿಗಣೆ ಸಿಕ್ವು. ಈಗಿನ ಸ್ಪ್ರೇಗಳಿಗೂ ಎಷ್ಟೋ ಕಡೆ ಬಗ್ಗಲ್ಲ. ಆದರೆ ಬಿಸಿಗೆ ಯಾವುದೂ ಉಳಿಯಲ್ಲ.

ಚಿಕ್ಕಮ್ಮ: ಹಾಗಾದ್ರೆ ಸೂಟ್‌ಕೇಸನ್ನ ಒಂದು ದಿನ ಬಿಸಿಲಿಗಿಟ್ರೆ ಆಯ್ತಲ್ಲ?

ನಾನು: ಅದನ್ನ ನೆಚ್ಚಿಕೊಳ್ಳೋಕೆ ಆಗಲ್ಲ ಚಿಕ್ಕಮ್ಮ. ಮೇಲ್ಭಾಗ ಕಾಯುತ್ತೆ, ತಿಗಣೆ ಒಳಗಿನ ತಂಪಿನ ಮಡಿಕೆಗೆ ಸರಿದುಕೊಳ್ಳುತ್ತೆ. ಒಳಗೆ ಎಲ್ಲ ಕಡೆ 48 ಡಿಗ್ರಿ ಒಂದೂವರೆ ಗಂಟೆ ನಿಂತರೆ ಮೊಟ್ಟೆ ಸಮೇತ ಸಾಯುತ್ತೆ. ಬಟ್ಟೆಗಾದ್ರೆ ಸುಲಭ: 60 ಡಿಗ್ರಿ ಬಿಸಿನೀರಲ್ಲಿ ಒಗೆಯೋದು, ಇಲ್ಲ ಡ್ರೈಯರಿನಲ್ಲಿ ಪೂರ್ತಿ ಬಿಸಿಯಲ್ಲಿ ಅರ್ಧ ಗಂಟೆ. ನುಸಿಗುಳಿಗೆ ಬಟ್ಟೆ ತಿನ್ನೋ ಹುಳಕ್ಕೆ ಇರೋದು, ಸೂಟ್‌ಕೇಸಿಗೆ ತಿಗಣೆ ಹತ್ತೋದನ್ನ ಅದು ತಡೆಯಲ್ಲ. ಅದರ ಆವಿ ಚಿಕ್ಕ ಮಕ್ಕಳಿಗೆ ಒಳ್ಳೇದೂ ಅಲ್ಲ.

ಅಣ್ಣ: ರೂಮಿಗೆ ಹೋದ ತಕ್ಷಣ ಏನು ಮಾಡಬೇಕು? ಅದನ್ನ ಹೇಳು, ನಾಡಿದ್ದು ಹೊರಟಿರೋರು ನಾವು.

ನಾನು: ಬ್ಯಾಗನ್ನ ಮೊದಲು ಬಾತ್‌ರೂಮಿನಲ್ಲಿಡಿ, ಹಾಸಿಗೆ ಮೇಲೆ ಬೇಡವೇ ಬೇಡ. ಬೆಡ್‌ಶೀಟ್ ಎತ್ತಿ, ತಲೆ ಕಡೆಯ ಎರಡು ಮೂಲೆಯಲ್ಲಿ ಹಾಸಿಗೆಯ ಹೊಲಿಗೆಯ ಮಡಿಕೆಯನ್ನ ಬೆರಳಿಂದ ಅಗಲಿಸಿ ಟಾರ್ಚ್ ಹಾಕಿ ನೋಡಿ. ಮಂಚದ ತಲೆಹಲಗೆಯ ಹಿಂದೆಯೂ ನೋಡಿ. ಚುಕ್ಕೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಂದಾಗಿ ಹರಡಿಕೊಂಡರೆ ಅದು ತಿಗಣೆ ಹಿಕ್ಕೆ. ಬೇರೆ ರೂಮು ಕೇಳಿ, ಪಕ್ಕದ್ದು ಬೇಡ, ಗೋಡೆ ಸಂದಿಯಿಂದ ಅಲ್ಲಿಗೂ ಹೋಗಿರುತ್ತೆ.

ಅತ್ತೆ ಮಗ: ಆ ಲಾಡ್ಜಿನಲ್ಲಿ ನಾವು ಯಾರೂ ಹಾಸಿಗೆ ಎತ್ತಿ ನೋಡಿರಲಿಲ್ಲ ಅಲ್ವಾ.

ಯಾರೂ ಉತ್ತರ ಕೊಡಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಗುಂಪು ಸುಮ್ಮನಿತ್ತು. ದೊಡ್ಡಪ್ಪ ಬರೆಯುತ್ತಿದ್ದಾರೆ ಅಂತ ತೋರಿಸುವುದು, ನಿಲ್ಲುವುದು, ಮತ್ತೆ ತೋರಿಸುವುದು.

ದೊಡ್ಡಪ್ಪ: ಆ ವರ್ಷ ನಾನು ಕೆಲಸದ ಮೇಲೆ ತಿಂಗಳಿಗೆ ಹತ್ತು ದಿನ ಹೊರಗಡೆಯೇ ಮಲಗುತ್ತಿದ್ದೆ. ಬಂದ ಕೂಡಲೇ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಫೋಟೋ ನೋಡಿದೆ.

ಅದುವರೆಗೂ ಅತ್ತಿಗೆ ಒಂದು ಅಕ್ಷರವೂ ಹಾಕಿರಲಿಲ್ಲ.

ಅತ್ತಿಗೆ: ದೊಡ್ಡ ಮಾವ, ಆ ನೀಲಿ ಬ್ಯಾಗು ನನ್ನಮ್ಮ ಕೊಡಿಸಿದ್ದು. ಅವತ್ತು ಒಳಗೆ ಬಿಚ್ಚಿಯೂ ನೋಡದೆ ಎಸೆದ್ರಿ. ಒಂದು ಸಲ ನೋಡಿ ಅಂತ ನಾನು ಕೇಳಿದ್ದೆ.

ಗುಂಪಿನಲ್ಲಿ ಆಮೇಲೆ ಯಾರೂ ಬರೆಯಲಿಲ್ಲ. ಮಾರನೇ ದಿನ ಬೆಳಗ್ಗೆ ಏಳಕ್ಕೇ ದೊಡ್ಡಪ್ಪ ಅತ್ತಿಗೆಗೆ ಫೋನ್ ಮಾಡಿದರಂತೆ, ಅಣ್ಣ ಹೇಳಿದ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.